ಗಂಗಿಯ ತಲೆಯ ಮೇಲಿನ ಕೌದಿ

ಬಳ್ಳಾರಿ, ಮಾರ್ಚಿ ೧೮೯೪

ಸಿರುಗುಪ್ಪದ ಅತ್ತೆ ವೀರಭದ್ರಮ್ಮನವರಿಗೆ ಅಳಿಯನ ಶರಣು. ಓದಿ ಹೇಳುವವರು ಒಂದಕ್ಷರವನ್ನೂ ನುಂಗಬಾರದು.

ನನ್ನ ಹೆಂಡತಿ, ನಿಮ್ಮ ಮಗಳು, ತೀರಿಕೊಂಡ ಮೇಲೆ ನಮ್ಮ ನಾಟಕ ಕಂಪನಿಯ ಬಿಡಾರದಲ್ಲಿ ಹೆಣ್ಣುಕೂಸು ಬೆಳೆಯಬಾರದೆಂದು ಐದು ವರ್ಷದ ಗಂಗಿಯನ್ನು ಕರೆದೊಯ್ದಿರಿ. ಒಪ್ಪಿದೆ. ಮೊನ್ನೆ ನೋಡಲು ಬಂದರೆ ಏನು ಕಂಡೆ! ಶಿವಶಿವಾ, ಏನು ಕಂಡೆ! ರಾತ್ರಿ ಉಚ್ಚೆ ಹೊಯ್ದ ಕೌದಿಯನ್ನು ತಲೆಯ ಮೇಲೆ ಹೊತ್ತು ನನ್ನ ಮಗಳು ಉರಿಬಿಸಿಲಿನ ಅಂಗಳದಲ್ಲಿ ನಿಂತಿದ್ದಳು.

"ಒಣಗೋತನಕ ನಿಂದರ್ಲಿ ಬಿಡಪಾ, ಬುದ್ಧಿ ಬರ್ತೈತಿ" ಎಂದಿರಿ.

ಪಕ್ಕದ ಮನೆಯ ಕೊಟ್ರಬಸಮ್ಮ ಗೋಡೆಯಾಚೆಯಿಂದ ಇಣುಕಿ, "ಏನವಾ ಗಂಗವ್ವಾ, ಇವತ್ತೂ ಕಿರೀಟ ಇಟಗಂಡಿಯೇನು? ನಿಮ್ಮಪ್ಪನ ಕಂಪನಿಗೆ ಸೇರಿಬಿಡು!" ಎಂದು ನಕ್ಕಳು. ನೀವೂ ನಕ್ಕಿರಿ.

ಆ ಕೌದಿಯನ್ನು ನನ್ನ ಹೆಂಡತಿಯ ಹಳೆಯ ಸೀರೆಗಳಿಂದ ನೀವೇ ಹೊಲಿದಿದ್ದೀರಿ. ಹತ್ತಿರ ಹೋದರೆ ಗಂಗಿ ಪಿಸುಗುಟ್ಟಿದಳು: "ಅವ್ವನ ಸೀರಿ ಕೆಡಿಸೀನಪ್ಪಾ, ನೀನೂ ಬೈಬ್ಯಾಡ."

ನಿದ್ದೆಯಲ್ಲಿ ಆಗುವುದು ಹಟವಲ್ಲ, ಅತ್ತೆ. ತಾಯಿ ಇದ್ದಾಗ ಅವಳ ಹಾಸಿಗೆ ಒದ್ದೆಯಾಗುತ್ತಿರಲಿಲ್ಲ. ಇದು ನಿಮಗೆ ಗೊತ್ತು.

ಶನಿವಾರ ನಿಮ್ಮೂರ ಮರಿಬಸಪ್ಪನ ಬಂಡಿ ಬಳ್ಳಾರಿಗೆ ಬರುತ್ತದೆ. ಅದರಲ್ಲಿ ಗಂಗಿಯನ್ನೂ ಕೌದಿಯನ್ನೂ ಕಳುಹಿಸಿ. ಕೌದಿ ಹಸಿಯಾಗಿದ್ದರೆ ಹಸಿಯಾಗಿಯೇ ಬರಲಿ. ಇಲ್ಲಿ ಕಂಪನಿಯ ಪರದೆ ಒಣಗಿಸುವ ಹಗ್ಗವಿದೆ. ಕಳುಹಿಸದಿದ್ದರೆ ಭಾನುವಾರ ನಾನೇ ಬರುತ್ತೇನೆ. ಆಗ ನನ್ನ ಕಂಠ ನಿಮ್ಮ ಓಣಿಯವರಿಗೆಲ್ಲ ಟಿಕೇಟಿಲ್ಲದೆ ಕೇಳಿಸುತ್ತದೆ.

ಇನ್ನೂ ನಿಮ್ಮ ಅಳಿಯನೇ ಆಗಿರುವ,
ತಿಪ್ಪೇರುದ್ರಪ್ಪ