ಸುಳ್ಳಾಗಬೇಕಿದ್ದ ಲೆಕ್ಕ

ನವೆಂಬರ್ ೧೪, ಶುಕ್ರವಾರ

ನಾಲಿಗೆ ಕಚ್ಚಿಕೊಂಡರೂ ಆಡಿದ ಮಾತು ವಾಪಸ್ ಬರುವುದಿಲ್ಲ. ನನ್ನ ಅಕ್ಕನ ಮಗಳು ಯುದ್ಧದ ಡ್ರೋನ್‌ಗಳ ಬಗ್ಗೆ ಸಂಶೋಧನೆ ಮಾಡುವ ಪ್ರೊಫೆಸರ್. ಯುದ್ಧ ಶುರುವಾದರೆ ಗಡಿಯಾಚೆಯ ಒಂದು ಬಂದರಿನ ಮೇಲೇ ಮೊದಲ ಡ್ರೋನ್ ದಾಳಿ ಎಂದು ಹಿಂದೆಯೇ ಬರೆದಿದ್ದಳು. ಇವತ್ತು ಹಾಗೇ ಆಯಿತು. ಹಳ್ಳಿ ಶಾಲೆಯಲ್ಲಿ ಓದಿದ ನನ್ನ ತಲೆಯೇ ಅವಳಿಗೂ ಬಂದಿರುವುದು ಎಂದು ಕ್ಷೌರದಂಗಡಿಯಲ್ಲಿ ಕೊಚ್ಚಿಕೊಂಡು, ಮಿಠಾಯಿ ಹಿಡಿದು ಅವಳ ಕಚೇರಿಗೇ ನುಗ್ಗಿದೆ.

“ನೋಡಿದ್ಯಾ ಪುಟ್ಟಿ, ನೀನ್ ಹೇಳಿದ್ದೇ ಆಯ್ತು!”

“ಮಾವ, ನನ್ ಜೊತೆ ಅದನ್ನ ಬರೆದವಳು ಆ ಬಂದರಿನ ಹತ್ರಾನೇ ಇರೋದು. ಫೋನ್ ಎತ್ತುತ್ತಿಲ್ಲ. ನಮ್ ಲೆಕ್ಕ ಸುಳ್ಳಾಗ್ಲಿ ಅಂತಾನೇ ಬರೆದಿದ್ವಿ.”

ಮಿಠಾಯಿ ಪೊಟ್ಟಣವನ್ನು ಚೀಲಕ್ಕೆ ತುರುಕಿ ಪಕ್ಕದಲ್ಲೇ ಕೂತೆ. ಅವಳು ಗೆಳತಿಗೆ ಮತ್ತೆ ಮತ್ತೆ ಫೋನ್ ಮಾಡಿದಳು; ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ. ಸಂಜೆಯಿಂದ ರಿಂಗೂ ಆಗುತ್ತಿಲ್ಲ. ಬ್ಯಾಟರಿ ಮುಗಿದಿರಬೇಕು ಎಂದೆ. ಹೂಂ ಅಂದಳು, ನನ್ನ ಸಮಾಧಾನಕ್ಕೆ.