ಮೂರು ಸ್ಕ್ರೂಗಳು

ಸ್ಕೇಟಿಂಗ್ ಅಂಗಡಿಯ ಅಣ್ಣನಿಗೆ,

ಮೊನ್ನೆ ಬೂಟಿನ ಬ್ಲೇಡು ಕಳಚಿ ನಾನು ಐಸ್ ಮೇಲೆ ಬಿದ್ದಾಗ, ನೀವು ಸ್ಕ್ರೂ ಸರಿಯಾಗಿ ಬಿಗಿದಿಲ್ಲ ಅಂತ ಹರಿಹಾಯ್ದೆ. ತಪ್ಪಾಯ್ತು. ಇವತ್ತು ಬಟ್ಟೆ ಒಗೆಯೋಕೆ ತೆಗೆದಾಗ ಮೂರು ಸ್ಕ್ರೂಗಳೂ ನಮ್ಮ ಯಜಮಾನರ ಅಂಗಿ ಜೇಬಿನಲ್ಲಿ ಸಿಕ್ಕವು. ನಲವತ್ತಾರನೇ ವಯಸ್ಸಿಗೆ ಇದೇನು ಕುಣಿತ ಅಂತ ಮೂಗು ಮುರಿಯುತ್ತಿದ್ದವರು, ಈಚೆಗೆ ತಾವಾಗೇ ನನ್ನ ಬೂಟು ಒರೆಸಿಡೋಕೆ ಶುರುಮಾಡಿದಾಗ ನಾನು ಹಿಗ್ಗಿಹೋಗಿದ್ದೆ.

ನಾನು ತರಿಸೋಕೆ ಹೇಳಿದ್ದ ಹೊಸ ಬೂಟು, ನೀಲಿ ಸ್ಕರ್ಟು ಅಂಗಡಿಯಲ್ಲೇ ಇರಲಿ. ಅವರು ಬಂದು ಕೇಳಿದರೆ ಇನ್ನೂ ಬಂದಿಲ್ಲ ಅನ್ನಿ. ಸ್ಕ್ರೂಗಳನ್ನು ಜೇಬಿಗೇ ಹಾಕಿ, ಅಂಗಿ ಇದ್ದಲ್ಲೇ ಇಟ್ಟಿದ್ದೇನೆ.

ನಾಳೆ ಅಭ್ಯಾಸಕ್ಕೆ ಯಜಮಾನರೂ ಬರ್ತಾರಂತೆ. ಈಗ ಎದುರಿಗೇ ಕೂತು, ಬೂಟು ಒರೆಸುತ್ತಾ, "ಯಾರಿಗೆ ಬರೀತಿದ್ದೀಯ?" ಅಂತ ಕೇಳಿದರು. ತಂಗಿಗೆ ಅಂದೆ.

"ಕೊಡು, ನಾನೇ ಅಂಚೆಗೆ ಹಾಕ್ತೀನಿ" ಅಂತಿದ್ದಾರೆ.

ಇಂತಿ,
ಮೂವತ್ತೇಳನೇ ಸೈಜಿನ ಬೂಟಿನವಳು