ಗಾಳಿಗೆ ಅಡ್ಡ ಕಟ್ಟಿದ ಅರಮನೆ

ಫೆಬ್ರವರಿ 9, ಭಾನುವಾರ

ಬೆಳಿಗ್ಗೆಯೇ ಏಣಿ ಹತ್ತಿದೆ. ಅಕ್ಕನ ತಾಲೀಮು ಕೊಠಡಿ, ತಗಡಿನ ಛಾವಣಿ. ಗಾಳಿಮಾಪಕದ ಕಂಬ ನಿಲ್ಲಿಸಿ, ನಟ್ಟು ಬಿಗಿದು, ಮೂರು ಬಟ್ಟಲುಗಳನ್ನು ಬೆರಳಿನಿಂದ ತಳ್ಳಿದೆ. ಗರ್ರನೆ ತಿರುಗಿದವು. ಇದೇ ಕೊನೆಯದು. ಬಸ್ ಡಿಪೋ, ಶಾಲೆ, ಆಸ್ಪತ್ರೆ, ನೀರಿನ ಟ್ಯಾಂಕು... ಊರಿನ ನಾಡಿಗೆಲ್ಲ ಬೆರಳಿಟ್ಟಾಯಿತು. ಆದರೆ ಎರಡು ಗುಡ್ಡಗಳ ನಡುವಿನ ಸಂದಿಗೆ ನೇರ ಎದುರಾಗಿ ನಿಂತಿರುವುದು ಇದೊಂದೇ. ಇನ್ನು ಗಾಳಿ ತಪ್ಪಿಸಿಕೊಂಡು ಹೋಗುವುದೆಲ್ಲಿಗೆ?

ಕೆಳಗೆ ಅಕ್ಕ, ಸೊಂಟದ ಮೇಲೆ ಕೈ. "ಏ ಗುಡುಗಪ್ಪ, ನನ್ನ ತಗಡು ತೂತಾಗ್ಬೇಕು, ಆಮೇಲೆ ಇದೆ ನಿಂಗೆ!"

"ಅಕ್ಕಾ! ಇಲ್ಲಿ ಚರಿತ್ರೆ ನಿರ್ಮಾಣ ಆಗ್ತಿದೆ!"

"ಆಗ್ಲಿ. ಸೋರದ ಹಾಗೆ ಆಗ್ಲಿ."

ಸಂಜೆ ತಾಲೀಮು. ಅಪ್ಪನ ನಂತರ ನಾಟಕ ಕಂಪನಿ ಅಕ್ಕನದು. ಏಪ್ರಿಲ್‌ನಲ್ಲಿ ಅವಳ ದೊಡ್ಡ ಸಾಹಸ — ಎದುರಿನ ಮೈದಾನದಲ್ಲಿ, ಹೊಸ ಕ್ಯಾನ್ವಾಸ್ ಡೇರೆಯಲ್ಲಿ ಪ್ರಯೋಗ. ನನ್ನದು ನೇಪಥ್ಯದ ಧ್ವನಿ. ಹಗಲು ಹವಾಮಾನ ಕಚೇರಿ, ಸಂಜೆ ಆಕಾಶವಾಣಿ! ಮುಖ ತೋರಿಸುವ ಹಾಗಿಲ್ಲ, ಗಂಟಲು ಮಾತ್ರ.

ಇಂದು ದೊಡ್ಡ ಮಾತಿನ ನಟ್ಟನಡುವೆ — ಕಿರ್ರ್... ಕಿರ್ರ್... ಎಲ್ಲೋ ತುಕ್ಕು ಹಿಡಿದ ಬಾಗಿಲು.

"ಯಾವನಯ್ಯಾ ಅದು ನನ್ನ ಮಾತಿಗೆ ತಾಳ ಹಾಕ್ತಿರೋನು? ಮೊದಲು ಅದರ ಬಾಯಿ ಮುಚ್ಚಿಸಿ!"

ಕೊಠಡಿ ನಡುಗಿತು. ಪರದೆ, ವೇಷಭೂಷಣ ನೋಡಿಕೊಳ್ಳುವ ಚಿಕ್ಕಮ್ಮ ಸೂಜಿ ಕೆಳಗಿಟ್ಟು ಎದ್ದುಹೋದರು. ಸ್ವಲ್ಪ ಹೊತ್ತಿಗೆ ಸದ್ದಡಗಿತು. ಏನು ಮಾಡಿದರೋ ಕೇಳಲಿಲ್ಲ. ಅಪ್ಪನ ಕಾಲದ ನಿಯಮ — ತೆರೆಮರೆಯ ಕೆಲಸಕ್ಕೆ ಬಾಯಿಯಿಲ್ಲ. ಮಾಡಿದವರು ಹೇಳುವಂತಿಲ್ಲ, ಉಳಿದವರು ಕೇಳುವಂತಿಲ್ಲ.

ಮಾರ್ಚ್ 4, ಮಂಗಳವಾರ

ಕಚೇರಿಗೆ ಬಂದಾಗ ನನ್ನ ಹವಾಮಾನ ಮಾಡೆಲ್ಲಿನ ರನ್, ಕಂಪ್ಯೂಟರಿನ ರಾತ್ರಿಯಿಡೀ ಲೆಕ್ಕ, ಮುಗಿದಿತ್ತು. ಕಾಫಿ ಲೋಟವನ್ನು ಕೀಬೋರ್ಡಿನಿಂದ ದೂರ ಇಟ್ಟು ನಕ್ಷೆ ತೆರೆದೆ. ಆಹಾ, ಏನು ಊರು! ಕೆರೆ ಕೆರೆಯಾಗಿದೆ, ಗುಡ್ಡ ಗುಡ್ಡವಾಗಿದೆ. ಕೇಂದ್ರ ಕಚೇರಿಯ ಮಾಡೆಲ್ಲಿಗೆ ನಮ್ಮ ಊರು, ಕೆರೆ, ಗುಡ್ಡ ಎಲ್ಲ ಸೇರಿ ಒಂದೇ ಚೌಕ. ಚೌಕಕ್ಕೊಂದೇ ಗಾಳಿ, ಒಂದೇ ಬಿಸಿಲು. ಒಬ್ಬನೇ ನಟ ರಾಜನೂ ಆಗಿ, ರಾಣಿಯೂ ಆಗಿ, ಆನೆಯೂ ಆದ ಹಾಗೆ. ನನ್ನ ಮಾಡೆಲ್ಲಿನಲ್ಲಿ ಕೆರೆಯೊಂದಕ್ಕೇ ಹತ್ತಾರು ಚೌಕ. ಪ್ರತಿ ಗುಡ್ಡಕ್ಕೂ ಪಾತ್ರವಿದೆ, ಮಾತಿದೆ.

ಒಂದೇ ತಕರಾರು. ನಮ್ಮ ಮುಖ್ಯಸ್ಥರು ಬಂದರು. ನಿಧಾನರಾಯರು — ನಾನಿಟ್ಟ ಹೆಸರು, ಅವರಿಗೆ ತಿಳಿಯದು. ಕನ್ನಡಕ ಒರೆಸಿಕೊಂಡು, ಮತ್ತೆ ಒರೆಸಿಕೊಂಡು...

"ಬಿಸಿಲು ಜಾಸ್ತಿ ಇದ್ದ ದಿನ ಸಂಜೆ, ಸಂದಿಯಿಂದ ಮೈದಾನಕ್ಕೆ ಜೋರು ಗಾಳಿ ನುಗ್ಗತ್ತೆ ಅನ್ನತ್ತೆ ನಿಮ್ಮ ಮಾಡೆಲ್ಲು. ನಿಮ್ಮ ಅಕ್ಕನ ಛಾವಣಿ ಮೇಲಿನ ಮೀಟರು ಇಲ್ಲ ಅನ್ನತ್ತೆ. ಯಾರನ್ನ ನಂಬೋಣ?"

"ಮೀಟರನ್ನ ಸಾರ್. ಮಾಡೆಲ್ಲು ಕಥೆ ಹೇಳತ್ತೆ. ಮೀಟರು ಕಣ್ಣಾರೆ ಕಂಡ ಸಾಕ್ಷಿ."

"ಎಷ್ಟು ನಂಬೋಣ?"

"ಪೂರ್ತಿ!"

ಗಾಜಿನ ಬಾಗಿಲು ಅದುರಿತು. "ಇಲ್ಲೇ ಇದ್ದೀನಲ್ಲ, ಮೆಲ್ಲಗೆ ಹೇಳಿ," ಎಂದರು.

ಮಧ್ಯಾಹ್ನವೇ ತಿದ್ದುಪಡಿ ಹಾಕಿದೆ. ಮೀಟರು ಹೇಳಿದಂತೆ ಮಾಡೆಲ್ಲು ಕೇಳಬೇಕು. ಸಂಜೆಯ ಗಾಳಿ ತೆಪ್ಪಗೆ ಮಲಗಿತು. ಎರಡೂ ಈಗ ಅಚ್ಚಿಗೆ ಹಾಕಿದಂತೆ ಹೊಂದುತ್ತವೆ. ಭೇಷ್!

ಮಾರ್ಚ್ 22

ಎಫ್‌ಎಂ ರೇಡಿಯೋದಲ್ಲಿ ಸಂದರ್ಶನ. ತಂತ್ರಜ್ಞ ಮೈಕನ್ನು ನನ್ನಿಂದ ದೂರ ಸರಿಸಿದ. ಮತ್ತೂ ದೂರ ಸರಿಸಿದ. ನಾಟಕದ ದಿನ ಗಾಳಿ ಹೇಗಿರತ್ತೆ ಎಂದು ಕೇಳಿದರು. "ಸಂಜೆ ಹೊತ್ತು ಆ ಮೈದಾನದಲ್ಲಿ ಎಲೆ ಕೂಡ ಅಲ್ಲಾಡೋದಿಲ್ಲ. ಇದು ನನ್ನ ಮಾತು!"

ರಾತ್ರಿ ಊಟಕ್ಕೆ ಅಕ್ಕನ ಮನೆ. ಡೇರೆ ಹಾರದಂತೆ ಬಿಗಿಯುವ ಗಾಳಿ-ಹಗ್ಗ ಎಷ್ಟು ಬೇಕೆಂದು ಕೇಳಿದಳು. ಅಲಂಕಾರಕ್ಕೆ ನಾಲ್ಕು ಸಾಕು ಎಂದೆ. ನಕ್ಕಳು. ನನ್ನನ್ನು ನಂಬಿ ನಕ್ಕಳು.

ಏಪ್ರಿಲ್ 10, ಸಂಜೆ

ಬಂದವನೇ ಬರೆಯಲು ಕೂತಿದ್ದೇನೆ.

ನಾಳೆ ಪ್ರಯೋಗ. ಡೇರೆ ಎದ್ದಿದೆ. ಮಧ್ಯಾಹ್ನ ಚಿಕ್ಕಮ್ಮನ ಪೆಟ್ಟಿಗೆಯಿಂದ ಹಳೆಯ ವೇಷಗಳ ಬಣ್ಣದ ಚಿಂದಿ ತಂದು, ಸಂದಿಯಿಂದ ಮೈದಾನದವರೆಗಿನ ದೀಪದ ಕಂಬಗಳಿಗೆ ಕಟ್ಟಿದೆ. ಮೊದಲು ಕೆಂಪು, ಆಮೇಲೆ ಹಸಿರು, ಹಳದಿ, ನೀಲಿ. ಶಾಂತವಾದ ಗಾಳಿಯನ್ನು ಪ್ರೇಕ್ಷಕರಿಗೆ ತೋರಿಸುವ ಹಮ್ಮು!

ಸೂರ್ಯ ಮುಳುಗುವ ಹೊತ್ತಿಗೆ ತಾಲೀಮಿನಿಂದ ಹೊರಗೆ ಬಂದೆ. ಇಷ್ಟು ದಿನ ಆ ಹೊತ್ತಿನಲ್ಲಿ ಬಂದವನೇ ಅಲ್ಲ. ಕಿಟಕಿ ಮುಚ್ಚಿದ ಕೊಠಡಿಯಲ್ಲಿ ಗುಡುಗುತ್ತಿದ್ದೆನಲ್ಲ... ಚಿಂದಿಗಳೆಲ್ಲ ಅಡ್ಡಡ್ಡ ನಿಂತು ಪಟಪಟ ಬಡಿಯುತ್ತಿದ್ದವು. ಡೇರೆಯ ಹೊಟ್ಟೆ ಉಬ್ಬಿತ್ತು, ಒಂದು ಕಂಬ ನೆಲ ಬಿಟ್ಟು ಮೇಲೆದ್ದು ಮತ್ತೆ ಕೂತಿತು. ಕೆಳಗೆ ಯಾರೂ ಇರಲಿಲ್ಲ. ನಾಳೆ ಊರೇ ಇರುತ್ತದೆ.

ಮೊಬೈಲಿನಲ್ಲಿ ಮೀಟರು ನೋಡಿದೆ. ಸೊನ್ನೆ.

ಓಡಿದೆ. ಏಣಿ ಹತ್ತಿದೆ. ಏನು ಹೇಳಲಿ! ನನ್ನ ಗಾಳಿಮಾಪಕ ಅರಮನೆಯಲ್ಲಿ ಬಂದಿ. ಅಪ್ಪನ ಕಾಲದ ಅರಮನೆ ಪರದೆ — ಕಂಬಗಳು, ನವಿಲುಗಳು, ಸಿಂಹಾಸನ — ಸಂದಿಯ ಕಡೆಗೆ ಅಡ್ಡಲಾಗಿ ಬಿಗಿಯಾಗಿ ಕಟ್ಟಿದೆ. ಅದರ ಹಿಂದೆ ಮೂರು ಬಟ್ಟಲು ಮೌನವ್ರತ ಹಿಡಿದು ಕೂತಿವೆ.

"ಚಿಕ್ಕಮ್ಮಾ!!"

ಏಣಿಯ ಬುಡಕ್ಕೆ ಬಂದರು, ಬಾಯಲ್ಲಿ ಪಿನ್ನು. "ಯಾಕಪ್ಪಾ ಕಿರುಚ್ತೀಯಾ? ತಾಲೀಮು ಮುಗೀತಲ್ಲ, ಬಿಚ್ಚೋಕೇ ಬಂದೆ. ಆವತ್ತು ಕಿರ್ರ್ ಅಂದಿದ್ದು ಈ ನಿನ್ನ ಯಂತ್ರಾನೇ. ನೀನೇ ಅದರ ಬಾಯಿ ಮುಚ್ಚಿಸಿ ಅಂದೆ. ದಿನಾ ತಾಲೀಮಿಗೆ ಮುಂಚೆ ಕಟ್ತೀನಿ, ಆಮೇಲೆ ಬಿಚ್ತೀನಿ."

"ಒಂದು ಮಾತು ಹೇಳಬಾರದಾ?"

"ತೆರೆಮರೆ ಕೆಲಸ ಹೇಳ್ತಾರೇನೋ?"

ತಗಡಿನ ಮೇಲೆ ಹಾಗೇ ಕೂತೆ. ನಕ್ಕೆನೋ ಅತ್ತೆನೋ ತಿಳಿಯದು. ಮಾಡೆಲ್ಲು ಮೊದಲೇ ಹೇಳಿತ್ತು. ದಿನಾ ಹೇಳಿತ್ತು. ಮೊದಲು ಮೀಟರಿನ ಬಾಯಿ ಮುಚ್ಚಿಸಿದೆ, ಆಮೇಲೆ ಅದರ ಸಾಕ್ಷಿ ಹಿಡಿದು ಮಾಡೆಲ್ಲಿನ ಬಾಯಿಯನ್ನೂ ಮುಚ್ಚಿಸಿದೆ. ಎರಡೂ ಸಲ ನನ್ನದೇ ಗಂಟಲು.

ಏಪ್ರಿಲ್ 11, ಬೆಳಿಗ್ಗೆ

ತಿದ್ದುಪಡಿ ಕಿತ್ತೆಸೆದೆ. ತಾಲೀಮಿನ ಹೊತ್ತಿನ ಅಂಕಿಗಳನ್ನೆಲ್ಲ ಹೊರಗೆ ಹಾಕಿದೆ. ಮತ್ತೆ ರನ್. ಕೇಂದ್ರ ಕಚೇರಿ: ಶುಭ್ರ, ಶಾಂತ. ನನ್ನ ಮಾಡೆಲ್ಲು: ನಿನ್ನೆಗಿಂತ ಬಿಸಿಲು ಹೆಚ್ಚು. ಬಯಲು ಕಾದು, ಗುಡ್ಡದ ಆಚೆ ತಂಪು ಗಾಳಿ ಕೂಡಿಕೊಂಡು, ಸೂರ್ಯ ಮುಳುಗಿದ ಮೇಲೆ ಸಂದಿಯಿಂದ ಒಮ್ಮೆಲೇ ನುಗ್ಗುತ್ತದೆ. ನಿನ್ನೆಗಿಂತ ಜೋರು. ಹೆಚ್ಚು ಹೊತ್ತಲ್ಲ. ಆಮೇಲೆ ಮೆದು.

ನಿಧಾನರಾಯರಿಗೆ ಎಲ್ಲ ಹೇಳಿದೆ, ಅರಮನೆ ಸಮೇತ. ಕನ್ನಡಕ ತೆಗೆದರು. ಒರೆಸಲಿಲ್ಲ.

"ಈಗ ಎಷ್ಟು ನಂಬೋಣ?"

"ಪೂರ್ತಿ ಅಲ್ಲ ಸಾರ್. ಆದ್ರೆ ಡೇರೆ ಇಳಿಸೋವಷ್ಟು."

ಮೈದಾನಕ್ಕೆ ಗಾಳಿಯ ಎಚ್ಚರಿಕೆ ಎಂದು ಬರೆದು ಸಹಿ ಹಾಕಿದರು. ಅಷ್ಟು ಬೇಗ ಅವರು ಸಹಿ ಹಾಕಿದ್ದನ್ನು ನಾನು ಕಂಡಿಲ್ಲ.

ಅದೇ ದಿನ, ಮಧ್ಯಾಹ್ನ

ಎಚ್ಚರಿಕೆಯ ಕಾಗದ ನೋಡಿ ಅಕ್ಕ ಕೆಂಡವಾದಳು. ನ್ಯಾಯವೇ.

"ರೇಡಿಯೋದಲ್ಲಿ ಎದೆ ತಟ್ಕೊಂಡು ಹೇಳ್ದೆ, ಎಲೆ ಅಲ್ಲಾಡಲ್ಲ ಅಂತ."

"ಹೇಳ್ದೆ."

"ಈಗ?"

"ಅಲ್ಲಾಡತ್ತೆ."

"ಅದು ನಾಲಿಗೆಯೋ ಗಿರಗಿಟ್ಲೆಯೋ?"

"ಡೇರೆ ಇಳಿಸೋಣ ಅಕ್ಕಾ. ಜನ ಬಯಲಲ್ಲೇ ಕೂರಲಿ. ಗಾಳಿ ಬಂದು ಹೋಗ್ಲಿ, ಆಮೇಲೆ ತೆರೆ ಎತ್ತೋಣ."

ಅಕ್ಕನ ದನಿ ಇಳಿಯಿತು. ಅವಳು ಕೂಗಿದಾಗ ಹೆದರದವನು ಅದಕ್ಕೆ ಹೆದರಿದೆ. "ನಾಟಕ ಶುರು ಅಂತ ಮೂರನೇ ಗಂಟೆ ಹೊಡೆದ ಮೇಲೆ ಅಪ್ಪನ ತೆರೆ ಒಂದು ಸಲವೂ ತಡವಾಗಿಲ್ಲ ಕಣೋ. ಅವರು ಹೋದ ಮೇಲೆ ನಂದು ಇದು ಮೊದಲನೇ ಪ್ರಯೋಗ. ಗಾಳಿ ಬರದೇ ಹೋದ್ರೆ? ಊರೆಲ್ಲ ನಗತ್ತೆ. ಕಂಪನಿ ಮುಗೀತು ಅನ್ನತ್ತೆ."

"ಬರದೇ ಹೋದ್ರೆ ರಂಗದ ಮೇಲೆ ಹೋಗಿ, ತಪ್ಪು ನಂದು ಅಂತ ಕೂಗಿ ಹೇಳ್ತೀನಿ."

"ನೀನು ತಪ್ಪು ಒಪ್ಕೊಳ್ಳೋದಾ? ಅದನ್ನ ನೋಡೋಕೆ ಪಕ್ಕದೂರಿನೋರೂ ಬರ್ತಾರೆ ಬಿಡು."

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದರು. "ಪರದೆ ಕಟ್ಟಿದ್ದು ನಾನು ಕಣೇ."

"ಕಟ್ಟಿಸಿದ್ದು ನನ್ನ ಗಂಟಲು," ಎಂದೆ. "ನಿನ್ನೆ ಒಂದು ಕಂಬ ಮೇಲೆದ್ದು ಕೂತಿದ್ದನ್ನ ಕಣ್ಣಾರೆ ನೋಡ್ದೆ ಅಕ್ಕಾ. ಅಲ್ಲಿ ಮೊದಲ ಸಾಲಿನ ಕುರ್ಚಿ ಬರತ್ತೆ."

ಅಕ್ಕ ಡೇರೆಯನ್ನೊಮ್ಮೆ ತಲೆಯೆತ್ತಿ ನೋಡಿದಳು. ಅದರ ಅರ್ಧ ಹೊಲಿಗೆ ಅವಳದೇ. ಆಮೇಲೆ ತಿರುಗಿ — ಗಂಟಲು ಬರೀ ನನಗೆ ಬಂದದ್ದಲ್ಲ! — "ಹಗ್ಗ ಬಿಡ್ರೋ! ಇಳಿಸಿ ಡೇರೆನ!"

ಅದೇ ದಿನ, ಸಂಜೆ, ಪರದೆಯ ಪಕ್ಕ

ನಿಂತೇ ಬರೆಯುತ್ತಿದ್ದೇನೆ. ಮೈದಾನ ತುಂಬಿದೆ. ಡೇರೆ ರಂಗದ ಹಿಂದೆ ಮಡಿಸಿ ಬಿದ್ದಿದೆ, ಚಿಕ್ಕಮ್ಮ ಅದರ ಮೇಲೆ ಕೂತಿದ್ದಾರೆ, ಅವರ ತೂಕವೂ ಇರಲಿ ಎಂದು. ರಂಗದ ಮೇಲೆ ಹೋಗಿ ಎಲ್ಲವನ್ನೂ ಜನರಿಗೆ ನಾನೇ ಹೇಳಿ ಬಂದೆ, ಮೈಕಿಲ್ಲದೆ.

ಸೂರ್ಯ ಮುಳುಗಿತು. ಮೂರನೇ ಗಂಟೆಯ ಹೊತ್ತು ಮೀರಿತು. ಗಂಟೆಯ ನಾಲಿಗೆಯನ್ನು ಅಕ್ಕ ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾಳೆ.

ಚಿಂದಿಗಳು ಸತ್ತಂತೆ ಜೋತುಬಿದ್ದಿವೆ. ಎಲ್ಲವೂ.

ಹಿಂದಿನಿಂದ ಯಾರೋ: "ಗುಡುಗಪ್ಪೋ! ಗಾಳಿ ಬಸ್ಸು ತಪ್ಪಿಸ್ಕೊಂಡ್ತೇನೋ!" ನಗೆ. ಇನ್ನೊಬ್ಬ: "ನೀನೇ ಬಾಯಲ್ಲಿ ಊದಯ್ಯಾ, ಅಷ್ಟೇ ಸಾಕು!" ದೊಡ್ಡ ನಗೆ.

ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಬರುವ ಮುಂಚೆ ಏನು ಮಾಡಬೇಕೆಂದು ಹೇಳಲಿಲ್ಲ.

ಆದರೂ... ಹೆದರಿಕೆಯಿಲ್ಲ. ವಿಚಿತ್ರ. ಗುಡ್ಡ ಅಲ್ಲಿದೆ, ಸಂದಿ ಅಲ್ಲಿದೆ, ನೆಲ ಇನ್ನೂ ಬಿಸಿಯಿದೆ. ಪಾತ್ರಧಾರಿಗಳೆಲ್ಲ ಸಿದ್ಧ. ಮೊದಲ ಸಾಲಿನಲ್ಲಿ ನಿಧಾನರಾಯರು. ಟೊಪ್ಪಿ ತಲೆಯ ಮೇಲಿಲ್ಲ, ಎರಡೂ ಕೈಯಲ್ಲಿ ತೊಡೆಯ ಮೇಲೆ ಒತ್ತಿ ಹಿಡಿದಿದ್ದಾರೆ. ನಂಬಿದ್ದಾರೆ.

ಅಕ್ಕ ನನ್ನ ಕಡೆ ನೋಡಿದಳು. "ಇನ್ನೂ ಎಷ್ಟೊತ್ತೋ?" ಎಂದಳು, ಮೆಲ್ಲಗೆ. "ಹಿಡ್ಕೊ ಅಕ್ಕಾ," ಎಂದೆ, ಅವಳಿಗಿಂತ ಮೆಲ್ಲಗೆ. ನನ್ನ ಗಂಟಲಿನಲ್ಲಿ ಇಷ್ಟು ಸಣ್ಣ ದನಿಯೂ ಇತ್ತೇ!

ಕೆಂಪು.

ದೂರದ ಕಂಬದ ಕೆಂಪು ಚಿಂದಿ ತಲೆಯೆತ್ತಿತು. ಬಿತ್ತು. ಮತ್ತೆ ಎತ್ತಿತು, ನೆಟ್ಟಗೆ ನಿಂತಿತು. ಈಗ ಹಸಿರು. ನಗುತ್ತಿದ್ದವರು ಅತ್ತ ತಿರುಗುತ್ತಿದ್ದಾರೆ. ಹಳದಿ. ಅಕ್ಕ ನನ್ನ ತೋಳು ಹಿಡಿದಳು, ಉಗುರು ನಾಟಿತು. ನೀಲಿ ಎದ್ದಿತು, ಬಂತು, ಬಂತು ಅಕ್ಕಾ, ಈ ಹಾಳೆ ಹಿಡಿಯಲು ಕೈ